ಕಾಗುಣಿತದ ಸಾಕ್ಷ್ಯ ಮತ್ತು ಉಸ್ಮಾನೀ ಪ್ರತಿಯ ಕಾಲ

ಕುರ್‌ಆನ್ ಸಂಕಲನದ ಸಾಂಪ್ರದಾಯಿಕ ವೃತ್ತಾಂತ ಸುಪರಿಚಿತ. ಪ್ರವಾದಿ ಮುಹಮ್ಮದರು 632ರಲ್ಲಿ ತೀರಿಕೊಂಡ ಬಳಿಕ ಯಮಾಮದ ಯುದ್ಧದಲ್ಲಿ ಹಲವು ಕಂಠಪಾಠಿಗಳು ಮಡಿದರು. ಉಮರರ ಒತ್ತಾಯದ ಮೇರೆಗೆ ಖಲೀಫ ಅಬೂಬಕರರು ಸಂಗ್ರಹದ ಹೊಣೆಯನ್ನು ಝೈದ್ ಬಿನ್ ಸಾಬಿತರಿಗೆ ಒಪ್ಪಿಸಿದರು. ಆ ಹಾಳೆಗಳು ಕೊನೆಗೆ ಉಮರರ ಮಗಳು ಹಫ್ಸಾರ ಬಳಿ ಉಳಿದವು. ಸುಮಾರು 650ರಲ್ಲಿ, ಪಠಣಭೇದಗಳ ಜಗಳ ಕಂಡು ಹುದೈಫಾ ಎಚ್ಚರಿಸಿದಾಗ, ಖಲೀಫ ಉಸ್ಮಾನರು ಝೈದ್ ಮತ್ತು ಮೂವರು ಕುರೈಷರಿಂದ ಪ್ರತಿಗಳನ್ನು ಮಾಡಿಸಿ, ಪ್ರಾಂತ್ಯಗಳಿಗೆ ಕಳಿಸಿ, ಉಳಿದವನ್ನು ಸುಡಿಸಿದರು. ನ್ಯೋಲ್ಡೆಕೆ ಮತ್ತು ಶ್ವಾಲಿ ಉಸ್ಮಾನರ ಪಾತ್ರವನ್ನು ಒಪ್ಪಿದರು. ಅಬೂಬಕರರ ಸಂಗ್ರಹವನ್ನು ಶ್ವಾಲಿ ಶಂಕಿಸಿದರು. 1977ರಲ್ಲಿ ಜಾನ್ ವಾನ್ಸ್‌ಬ್ರೋ, ಪಠ್ಯ ಸ್ಥಿರಗೊಂಡದ್ದೇ ಎರಡು ಶತಮಾನ ತಡವಾಗಿ ಎಂದರು. ಆ ವಾದವನ್ನು ಏಳನೆಯ ಶತಮಾನದ ಚರ್ಮಪತ್ರಗಳು ಮುಗಿಸಿವೆ, ಮತ್ತೆ ಚರ್ಚಿಸಬೇಕಾಗಿಲ್ಲ.

ಉಳಿದಿರುವುದು ಅರ್ಧ ಶತಮಾನದ ಜಗಳ. ಸ್ಟೀಫನ್ ಶೂಮೇಕರ್ 2022ರ ತಮ್ಮ ಗ್ರಂಥದಲ್ಲಿ, ಇಂದಿನ ಪಠ್ಯ ರೂಪುಗೊಂಡದ್ದು ಉಮಯ್ಯಾ ಖಲೀಫ ಅಬ್ದುಲ್ ಮಲಿಕ್ (685–705) ಮತ್ತು ಆತನ ಇರಾಕ್ ರಾಜ್ಯಪಾಲ ಹಜ್ಜಾಜನ ಕಾಲದಲ್ಲಿ ಎಂದು ವಾದಿಸಿದ್ದಾರೆ. ಇದರ ಹಿಂದೆ ಕಾಸಾನೋವಾ, ಮಿಂಗಾನಾ, ದ ಪ್ರೆಮಾರ್ ಅವರ ಪರಂಪರೆಯಿದೆ. ಶೂಮೇಕರ್ ಹೆಚ್ಚು ಒತ್ತು ಕೊಡುವುದು ಮನುಷ್ಯನ ನೆನಪಿನ ದೌರ್ಬಲ್ಯಕ್ಕೆ: ಬಾಯಿಂದ ಬಾಯಿಗೆ ಸಾಗಿದ ಮಾತು ದಶಕಗಳ ಕಾಲ ಅಕ್ಷರಶಃ ಉಳಿಯದು. ಈ ಆಕ್ಷೇಪ ಬಲವಾದದ್ದೇ. ಆದರೆ ಅದು ಉತ್ತರಿಸುವ ಪ್ರಶ್ನೆ ಬೇರೆ. ಉಸ್ಮಾನರ ಕಾಲದ ಮೊದಲು ಏನಾಯಿತು ಎಂಬುದಕ್ಕೆ ನೆನಪು ಮುಖ್ಯ. ಬರಹದ ಮಾತೃಪ್ರತಿ ಯಾವಾಗ ಹುಟ್ಟಿತು ಎಂಬುದಕ್ಕೆ ಹಸ್ತಪ್ರತಿಗಳನ್ನೇ ಕೇಳಬೇಕು.

ಹಸ್ತಪ್ರತಿಗಳು ಕೊಡುವ ಉತ್ತರ ಕಾಗುಣಿತದಲ್ಲಿದೆ. ಕುರ್‌ಆನಿನ 14ನೆಯ ಅಧ್ಯಾಯದ 34ನೆಯ ಸೂಕ್ತದಲ್ಲೂ 16ನೆಯ ಅಧ್ಯಾಯದ 18ನೆಯ ಸೂಕ್ತದಲ್ಲೂ ಅಲ್ಲಾಹನ ಅನುಗ್ರಹಗಳನ್ನು ಎಣಿಸಿ ಮುಗಿಸಲಾಗದು ಎಂಬ ಒಂದೇ ವಾಕ್ಯವಿದೆ. ಆದರೆ ‘ನಿಅ್‌ಮತ್’ ಎಂಬ ಪದದ ಕೊನೆಯ ಅಕ್ಷರ ಮೊದಲನೆಯದರಲ್ಲಿ ‘ತಾ’, ಎರಡನೆಯದರಲ್ಲಿ ‘ಹಾ’. ಮಾರೈನ್ ವಾನ್ ಪುಟನ್ 2019ರಲ್ಲಿ ಹದಿನಾಲ್ಕು ಪ್ರಾಚೀನ ಪ್ರತಿಗಳನ್ನು ಈ ಪದದ ಮಟ್ಟಿಗೆ ಹೋಲಿಸಿ, ಎಲ್ಲಿ ‘ತಾ’, ಎಲ್ಲಿ ‘ಹಾ’ ಎಂಬುದರಲ್ಲಿ ಅವು ಬಹುತೇಕ ಒಮ್ಮತದಲ್ಲಿವೆ ಎಂದು ತೋರಿಸಿದರು. ಬಿಡದೆ ಓದುವಾಗ ಎರಡೂ ಕಡೆ ಉಚ್ಚಾರ ಒಂದೇ. ಆದ್ದರಿಂದ ಈ ಭೇದವನ್ನು ಕಿವಿ ಕಾಯಲಾರದು, ಕಣ್ಣು ಮಾತ್ರ ಕಾಯಬಲ್ಲುದು. ನಿಲುಗಡೆಯಲ್ಲಿ ಕೆಲವು ಪಠಣಗಳು ‘ತ್’ ಎನ್ನುವುದರಿಂದ ಬರಹವೇ ಪಠಣವನ್ನು ಅನುಸರಿಸಿದ್ದೀತು ಎಂದು ಯಾರಾದರೂ ಕೇಳಬಹುದು. ಆದರೆ ಇಬ್ನ್ ಕಸೀರ್, ಅಬೂ ಅಮ್ರ್, ಕಿಸಾಈ ಪಠಣಗಳು ‘ತಾ’ ಬರೆದಲ್ಲಿಯೂ ‘ಹ್’ ಎಂದೇ ನಿಲ್ಲುತ್ತವೆ. ಪಠಣ ಭಿನ್ನವಾಗಿದ್ದರೂ ಬರಹ ಕದಲಲಿಲ್ಲ. ಲಿಪಿಕಾರನೊಬ್ಬನ ಅಕಾರಣ ಆಯ್ಕೆ ಪ್ರತಿಯಿಂದ ಪ್ರತಿಗೆ ಉಳಿದುಬಂದಿದ್ದರೆ ಅವುಗಳ ಮೂಲ ಒಂದೇ: ಓಲೆಗರಿಗಳ ಪಾಠ ಪರಿಷ್ಕರಿಸುವ ಕನ್ನಡ ಸಂಪಾದಕರು ಸಮಾನ ಸ್ಖಾಲಿತ್ಯದಿಂದ ಪ್ರತಿಗಳ ವಂಶವನ್ನು ಗುರುತಿಸುವುದೂ ಇದೇ ತರ್ಕದಿಂದ.

ಮೂಲ ಒಂದೇ ಎಂದಾಗಿಬಿಟ್ಟರೆ ಅದು ಉಸ್ಮಾನರದೇ ಎಂದಾಯಿತೆ? ಆಗಲಿಲ್ಲ. ಮಾತೃಪ್ರತಿ ಹಜ್ಜಾಜನದೂ ಆಗಿದ್ದೀತು. ಇಂಗಾಲದ ಪರೀಕ್ಷೆಯೂ ಇಲ್ಲಿ ಪೂರ್ತಿ ನೆರವಾಗದು. ಬರ್ಮಿಂಗ್‌ಹ್ಯಾಮ್ ಹಾಳೆಗಳ ಚರ್ಮಕ್ಕೆ 568–645 ಎಂಬ ಅವಧಿ ಸಿಕ್ಕಿದೆ, ನಿಜ. ಆದರೆ ಅದು ಪ್ರಾಣಿ ಸತ್ತ ಕಾಲ, ಮಸಿ ಬಿದ್ದ ಕಾಲವಲ್ಲ. ಸನಾದ ಹಸ್ತಪ್ರತಿಯ ಹಾಳೆಗಳು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದಕ್ಕೊಂದು ಹೊಂದದ ಅವಧಿಗಳನ್ನು ಕೊಟ್ಟಿವೆ. ಹಾಗಾಗಿ ನನ್ನ ನಿಲುವು ಬೇರೆ ಎರಡು ಆಧಾರಗಳ ಮೇಲೆ ನಿಂತಿದೆ. ಮೊದಲನೆಯದು, ಪ್ರಾಂತೀಯ ಪ್ರತಿಗಳ ಪಾಠಾಂತರಗಳು. ಉದಾಹರಣೆಗೆ 57:24ರಲ್ಲಿ ‘ಹುವ’ ಎಂಬ ಸರ್ವನಾಮ ಮದೀನಾ ಮತ್ತು ಸಿರಿಯಾದ ಪ್ರತಿಗಳಲ್ಲಿಲ್ಲ, ಕೂಫಾ ಮತ್ತು ಬಸ್ರಾದ ಪ್ರತಿಗಳಲ್ಲಿದೆ. ಇಂಥ ಭೇದಗಳು ನೇರವಾದ ವಂಶವೃಕ್ಷವಾಗಿ ಜೋಡಣೆಯಾಗುತ್ತವೆ ಎಂದು ಮೈಕಲ್ ಕುಕ್ 2004ರಲ್ಲಿ ತೋರಿಸಿದರು. ಇರಾಕನ್ನಾಳಿದ ಹಜ್ಜಾಜನೇ ಮೂಲವಾಗಿದ್ದರೆ ಇರಾಕಿನ ಎರಡು ನಗರಗಳು ಒಂದೆಡೆ, ಮದೀನಾ–ಸಿರಿಯಾ ಇನ್ನೊಂದೆಡೆ ನಿಲ್ಲುವುದು ಅಷ್ಟು ಸಹಜವಲ್ಲ; ಆದರೆ ವೃಕ್ಷ ತಾನಾಗಿ ಊರನ್ನೂ ವರ್ಷವನ್ನೂ ಹೇಳುವುದಿಲ್ಲವಾದ್ದರಿಂದ ಇದನ್ನು ಸಾಧ್ಯತೆಯೆಂದಷ್ಟೇ ಎಣಿಸಬೇಕು.

ಎರಡನೆಯದು ನನಗೆ ಹೆಚ್ಚು ನಿರ್ಣಾಯಕವಾಗಿ ಕಾಣುತ್ತದೆ. 656ರಲ್ಲಿ ಉಸ್ಮಾನರ ಕೊಲೆಯಾದ ಮೇಲೆ ಸಮುದಾಯ ಒಡೆಯಿತು. ಶಿಯಾಗಳೂ ಖಾರಿಜೀ ಮೂಲದ ಇಬಾದಿಗಳೂ ಉಮಯ್ಯಾ ಆಳ್ವಿಕೆಯ ಕಡು ವಿರೋಧಿಗಳು. ಹಜ್ಜಾಜನ ಕೈಯಲ್ಲಿ ರಕ್ತ ಹರಿಸಿದವರು. ಆದರೂ ಎಲ್ಲರ ಕೈಯಲ್ಲಿರುವುದು ಅದೇ ವ್ಯಂಜನಪಾಠ. ಸುಮಾರು 700ರಲ್ಲಿ ಶತ್ರುವೊಬ್ಬ ಹೇರಿದ ಹೊಸ ಗ್ರಂಥವನ್ನು ಅವರು ಮರುಮಾತಿಲ್ಲದೆ ಒಪ್ಪಿದರೆಂದು ನಂಬುವುದು ಕಷ್ಟ. ಪ್ರಭುತ್ವ ವಿರೋಧದ ನೆನಪನ್ನು ಅಳಿಸಿರಬಹುದು ಎಂಬ ಉತ್ತರವೂ ನಿಲ್ಲದು: ಉಸ್ಮಾನರ ಪ್ರತಿಯನ್ನು ಕೂಫಾದ ಇಬ್ನ್ ಮಸ್‌ಊದರು ಧಿಕ್ಕರಿಸಿದ್ದನ್ನು ಸುನ್ನೀ ಗ್ರಂಥಗಳೇ ಉಳಿಸಿಕೊಂಡಿವೆ. ಹಜ್ಜಾಜ ಹರಿಹಾಯ್ದದ್ದೂ ಕೂಫಾದಲ್ಲಿ ಇನ್ನೂ ಬಾಳುತ್ತಿದ್ದ ಇಬ್ನ್ ಮಸ್‌ಊದರ ಪಠಣದ ಮೇಲೆಯೇ. ಹಳೆಯ ನಿರ್ಣಯವೊಂದನ್ನು ಜಾರಿಗೊಳಿಸುವ ಅಧಿಕಾರಿಯ ನಡೆ ಅದು. ಆತನೇ ಪಠ್ಯ ತಿದ್ದಿದನೆಂಬ ಕ್ರೈಸ್ತ ವಾಗ್ವಾದಿ ಅಲ್‌ಕಿಂದಿಯ ಆರೋಪದಲ್ಲಿ ಈ ಜಾರಿಯ ಮಸುಕಾದ ನೆನಪಿರಬಹುದು. ಅಕ್ಷರಚುಕ್ಕಿಗಳ ಸುಧಾರಣೆ, ಹೊಸ ಪ್ರತಿಗಳ ರವಾನೆ ಇತ್ಯಾದಿ ಆತನ ಕಾಲದವೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಒಂದೆರಡು ಕಡೆ ಸಣ್ಣ ತಿದ್ದುಪಡಿಯೂ ಆಗಿರಬಹುದು. ಅಡಿಪಾಠ ಮಾತ್ರ, ಲಭ್ಯ ಸಾಕ್ಷ್ಯದ ಮಟ್ಟಿಗೆ, 656ಕ್ಕೆ ಮೊದಲಿನದು.

ಉಸ್ಮಾನರಿಗೂ ಹಿಂದಿನ ಘಟ್ಟದ ಬಗ್ಗೆ ಇಷ್ಟು ಧೈರ್ಯದಿಂದ ಹೇಳಲಾಗದು. ಸನಾದ ಮಹಾಮಸೀದಿಯಲ್ಲಿ 1972ರಲ್ಲಿ ದೊರೆತ ಹಸ್ತಪ್ರತಿಗಳಲ್ಲೊಂದರ ಅಳಿಸಿದ ಅಡಿಬರಹ ಉಸ್ಮಾನೀ ಪಾಠದಿಂದ ಪದಗಳಲ್ಲೂ ಅಧ್ಯಾಯಕ್ರಮದಲ್ಲೂ ಬೇರೆ. ಸಾದೆಘಿ ಮತ್ತು ಗೂದರ್ಜಿ ಅದನ್ನು ಪ್ರವಾದಿಯ ಸಂಗಾತಿಗಳ ಕಾಲದ ಸ್ವತಂತ್ರ ಪಾಠವೆಂದರು. ಅಸ್ಮಾ ಹಿಲಾಲಿ ಕಲಿಕೆಯ ಅಭ್ಯಾಸಪ್ರತಿಯೆಂದರು. ಇಬ್ನ್ ಮಸ್‌ಊದ್, ಉಬಯ್ ಬಿನ್ ಕಅಬ್ ಇವರ ಹೆಸರಿನಲ್ಲಿ ಉಲ್ಲೇಖಗೊಂಡ ಪಾಠಾಂತರಗಳೊಡನೆ ಅದು ಅಲ್ಲಲ್ಲಿ ಹೊಂದುತ್ತದೆ, ಪೂರ್ತಿಯಾಗಿ ಯಾವುದರೊಡನೆಯೂ ಹೊಂದುವುದಿಲ್ಲ. ಹಫ್ಸಾರ ಹಾಳೆಗಳ ವೃತ್ತಾಂತವನ್ನು ಹರಾಲ್ಡ್ ಮೊಟ್ಸ್ಕಿ 742ರಲ್ಲಿ ತೀರಿಕೊಂಡ ಝುಹ್ರಿಯವರೆಗೆ ಕೊಂಡೊಯ್ದರು. ಅದರಾಚೆಗಿನ ದಾರಿ, ಮತ್ತು ಅಡಿಬರಹಕ್ಕೂ ಝೈದರ ಮೊದಲ ಸಂಗ್ರಹಕ್ಕೂ ಇದ್ದಿರಬಹುದಾದ ಸಂಬಂಧ, ಇನ್ನೂ ತನಿಖೆಯಾಗಬೇಕಿದೆ.