ಒಳಗೆ ಬ್ಯಾಟರಿ ಇದೆಯೇ?

ಜಪಾನಿನ ಒಳಗೆ ಮಾತ್ರ ಮಾರುವ ಎಲೆಕ್ಟ್ರಾನಿಕ್ ಸಾಮಾನುಗಳು ಬಹಳ ಇವೆ. ಸಣ್ಣ ಸೈಜಿನ ಟೂಲ್‌ಗಳು, ಮೀಟರ್‌ಗಳು, ಹಳೇ ರೇಡಿಯೋ, ಮಿನಿಡಿಸ್ಕ್ ಪ್ಲೇಯರ್ ಇಂಥವು. ದುಬೈಗೆ ಕಳಿಸಿ ಅಂದರೆ ಅಲ್ಲಿನ ಎಷ್ಟೋ ಅಂಗಡಿಯವರು ಒಪ್ಪುವುದಿಲ್ಲ. ಆಗ ನಮಗಿರುವ ದಾರಿ ಪಾರ್ಸೆಲ್ ಫಾರ್ವರ್ಡಿಂಗ್. ಈ ಕೆಲಸ ಮಾಡುವ ಕಂಪನಿಗೆ ಜಪಾನಿನಲ್ಲಿ ಒಂದು ಗೋದಾಮು ಇರುತ್ತದೆ. ನಾವು ಹೆಸರು ನೋಂದಾಯಿಸಿದರೆ ಆ ಗೋದಾಮಿನ ವಿಳಾಸಕ್ಕೆ ನಮ್ಮದೊಂದು ನಂಬರ್ ಸೇರಿಸಿ ಕೊಡುತ್ತಾರೆ. ಅಂಗಡಿಯವನ ಲೆಕ್ಕದಲ್ಲಿ ನಾವೂ ಜಪಾನಿನ ಗಿರಾಕಿಯೇ. ಸಾಮಾನು ಗೋದಾಮಿಗೆ ಬಂದ ಮೇಲೆ ತೂಕ ನೋಡಿ ದುಡ್ಡು ಕಟ್ಟಿಸಿಕೊಂಡು ಇಲ್ಲಿಗೆ ಕಳಿಸುತ್ತಾರೆ. ಬೇರೆಯವರ ವಿಳಾಸದಲ್ಲಿ ಬದುಕುವುದು ನಮಗೇನು ಹೊಸದಲ್ಲ ಬಿಡಿ. ಕಂಪನಿಯ ಪಿಒ ಬಾಕ್ಸ್ ನಂಬರನ್ನೇ ನಮ್ಮ ಅಡ್ರೆಸ್ ಅಂತ ಬರೆದುಕೊಂಡು ವರ್ಷಗಟ್ಟಲೆ ಇಲ್ಲಿ ಇದ್ದವರು ನಾವು.

ಹೀಗೆ ತರಿಸುವಾಗ ಎಲೆಕ್ಟ್ರಿಷಿಯನ್ ಆದವನು ಮೊದಲು ನೋಡಬೇಕಾದ್ದು ವೋಲ್ಟೇಜು. ಜಪಾನಿನಲ್ಲಿ ಮನೆ ಸಪ್ಲೈ 100 ವೋಲ್ಟ್. ನಮ್ಮಲ್ಲಿ 220ರಿಂದ 240. 100 ವೋಲ್ಟ್‌ಗೆ ಮಾತ್ರ ಮಾಡಿದ ಅಲ್ಲಿನ ಚಾರ್ಜರ್ ಇಲ್ಲಿ ನೇರವಾಗಿ ಹಾಕಿದರೆ ಸುಟ್ಟುಹೋಗಬಹುದು, ಅಂಥದ್ದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇನ್ನೊಂದು ವಿಚಿತ್ರ, ಆ ದೇಶದ ಪೂರ್ವ ಭಾಗದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60 ಹರ್ಟ್ಸ್. 1890ರ ದಶಕದಲ್ಲಿ ಟೋಕಿಯೋದವರು ಜರ್ಮನಿಯಿಂದ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ ತರಿಸಿದರು. ಆವತ್ತು ಪಾರ್ಸೆಲ್‌ನಲ್ಲಿ ಬಂದದ್ದು ಇವತ್ತಿಗೂ ಒಂದಾಗಿಲ್ಲ!

ವೋಲ್ಟೇಜು ನಾವೇ ಸರಿ ಮಾಡಿಕೊಳ್ಳಬಹುದು. ಆದರೆ ಫಾರ್ವರ್ಡಿಂಗ್ ಕಂಪನಿಯ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ: ಒಳಗೆ ಬ್ಯಾಟರಿ ಇದೆಯೇ? ಇದ್ದರೆ ಮಷಿನ್ ಒಳಗೋ, ಬಿಡಿಯಾಗಿಯೋ? ಕಳೆದ ವರ್ಷ ನಾನು ಜೇಬಿನಲ್ಲಿ ಹಿಡಿಯುವಂಥ ಒಂದು ಚಾರ್ಜಿಂಗ್ ಸ್ಕ್ರೂಡ್ರೈವರ್ ತರಿಸಿದೆ. ಡಿಬಿ ಬಾಕ್ಸ್ ಒಳಗೆ ನೂರಾರು ಟರ್ಮಿನಲ್ ಬಿಗಿ ಮಾಡುವವನಿಗೆ ಅದರ ಬೆಲೆ ಗೊತ್ತು. ಜೊತೆಗೆ ಒಂದು ಸ್ಪೇರ್ ಬ್ಯಾಟರಿ. ಗೋದಾಮಿನಿಂದ ಉತ್ತರ ಬಂತು, ಮಷಿನ್ ಒಳಗಿರುವ ಬ್ಯಾಟರಿ ವಿಮಾನದಲ್ಲಿ ಹೋಗುತ್ತದೆ, ಬಿಡಿ ಬ್ಯಾಟರಿ ಹೋಗುವುದಿಲ್ಲ. ನಮ್ಮ ರೂಮಿನಲ್ಲಿರುವ ಬಂಟ್ವಾಳ ಕಡೆಯವರೊಬ್ಬರು ನಕ್ಕರು. "ಎಂತ ಮಾರಾಯ, ಬ್ಯಾಟರಿ ಅಂತ ಯಾಕೆ ಬರೀಲಿಕ್ಕೆ ಹೋದೆ? ಇನ್ನೊಮ್ಮೆ ತರಿಸುವಾಗ ಬರೀ ಸ್ಕ್ರೂಡ್ರೈವರ್ ಅಂತ ಬರಿ, ಎಲ್ಲಾ ಹೋಗ್ತದೆ" ಅಂದರು. ಅದು ಸ್ಕ್ರೂಡ್ರೈವರೇ ತಾನೆ, ಪೂರ್ತಿ ಸುಳ್ಳೂ ಅಲ್ಲ. ಹೀಗೆ ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗಾಗಿಯೇ ಈ ಲೇಖನ, ಯಾಕೆಂದರೆ ಆ ಪ್ರಶ್ನೆ ಇಷ್ಟು ಬಿಗಿಯಾಗಲು ಒಂದು ಕಾರಣ ನಾವಿರುವ ಈ ಊರಿನಲ್ಲೇ ನಡೆದಿದೆ.

2010 ನಮ್ಮವರು ಮರೆಯುವ ವರ್ಷ ಅಲ್ಲ. ಮೇ 22ರಂದು ದುಬೈಯಿಂದ ಹೊರಟ ವಿಮಾನ ಮಂಗಳೂರಿನಲ್ಲಿ ರನ್‌ವೇ ದಾಟಿ ಬಿದ್ದು 158 ಜನ ಹೋದರು. ನಾನು ಆಗ ಊರಲ್ಲಿ ಸರ್ಕಾರಿ ಐಟಿಐಯಲ್ಲಿದ್ದೆ. ವಾರಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ. ಅದೇ ವರ್ಷ ಸೆಪ್ಟೆಂಬರ್ 3ರಂದು ದುಬೈಯಲ್ಲಿ ಇನ್ನೊಂದು ವಿಮಾನ ಬಿತ್ತು. ಅದರಲ್ಲಿ ಪ್ರಯಾಣಿಕರು ಇರಲಿಲ್ಲ, ಸತ್ತವರು ಇಬ್ಬರೇ. ಅದಕ್ಕೇ ಇರಬೇಕು, ನಮ್ಮ ಕಡೆ ಅದು ಅಷ್ಟು ಸುದ್ದಿಯಾಗಲಿಲ್ಲ. ಇಲ್ಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ಅದು ಯುಪಿಎಸ್ ಕಂಪನಿಯ 6ನೇ ನಂಬರ್ ಸರಕು ವಿಮಾನ, ಬೋಯಿಂಗ್ 747. ಹಾಂಕಾಂಗ್‌ನಿಂದ ಬಂದು ದುಬೈಯಿಂದ ಜರ್ಮನಿಯ ಕಲೋನ್‌ಗೆ ಹೋಗಬೇಕಿತ್ತು. ಸರಕಿನಲ್ಲಿ ಭಾರೀ ಸಂಖ್ಯೆಯ ಲಿಥಿಯಂ ಬ್ಯಾಟರಿಗಳಿದ್ದವು. ರಂಜಾನ್ ತಿಂಗಳ ಶುಕ್ರವಾರ, ಸಂಜೆ 6.51ಕ್ಕೆ ಏರಿತು. ಇಪ್ಪತ್ತೇ ನಿಮಿಷ ಕಳೆದ ಮೇಲೆ ಬೆಂಕಿಯ ಅಲಾರಂ ಹೊಡೆಯಿತು. ದೋಹಾ ಹತ್ತಿರವಿತ್ತು. ಆದರೆ ಕ್ಯಾಪ್ಟನ್ ಡಗ್ಲಸ್ ಲ್ಯಾಂಪ್ ಗೊತ್ತಿರುವ ದುಬೈಗೇ ತಿರುಗಿಸಿದರು. ಕೆಲವೇ ನಿಮಿಷದಲ್ಲಿ ಬೆಂಕಿ ಕಂಟ್ರೋಲ್ ಕೇಬಲ್‌ಗಳ ತನಕ ಬಂತು, ಕಾಕ್‌ಪಿಟ್‌ನಲ್ಲಿ ಹೊಗೆ ತುಂಬಿತು. ಕ್ಯಾಪ್ಟನ್‌ಗೆ ಮಾಸ್ಕಿನಲ್ಲಿ ಆಮ್ಲಜನಕ ಬರುವುದು ನಿಂತಿತು. ಅವರು ಸೀಟು ಬಿಟ್ಟು ಎದ್ದು ಹೋದವರು ವಾಪಸ್ ಬರಲಿಲ್ಲ.

ಉಳಿದವರು ಫಸ್ಟ್ ಆಫೀಸರ್ ಮ್ಯಾಥ್ಯೂ ಬೆಲ್ ಒಬ್ಬರೇ. ಹೊಗೆಯಲ್ಲಿ ಮೀಟರ್‌ಗಳು ಕಾಣುತ್ತಿಲ್ಲ. ರೇಡಿಯೋ ಫ್ರೀಕ್ವೆನ್ಸಿ ಬದಲಿಸಲು ಆಗದೆ ಬಹ್ರೇನ್‌ನ ಮೇಲೆಯೇ ಉಳಿದಿದೆ. ಆಕಾಶದಲ್ಲಿದ್ದ ಬೇರೆ ವಿಮಾನದ ಪೈಲಟ್‌ಗಳು ಮಧ್ಯೆ ನಿಂತು, ಅವರು ಹೇಳಿದ್ದನ್ನು ಇವರಿಗೆ, ಇವರು ಹೇಳಿದ್ದನ್ನು ಅವರಿಗೆ ದಾಟಿಸಿದರು. ದುಬೈ ರನ್‌ವೇ ಮೇಲೆ ಬಂದಾಗ ವಿಮಾನ ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿತ್ತು, ಇಳಿಸಲು ಆಗಲಿಲ್ಲ. ಶಾರ್ಜಾ ಪಕ್ಕದಲ್ಲಿದೆ, ಅಲ್ಲಿಗೆ ತಿರುಗಿ ಅಂದರು. 095 ಡಿಗ್ರಿ ಒತ್ತಬೇಕಾದಲ್ಲಿ 195 ಬಿತ್ತು. ಕಣ್ಣಿಗೆ ಏನೂ ಕಾಣದ ಮನುಷ್ಯನ ಬೆರಳು ಅದು. 7.41ರ ಹೊತ್ತಿಗೆ ವಿಮಾನ ನಾದ್ ಅಲ್ ಶೆಬಾ ಬಳಿಯ ಮಿಲಿಟರಿ ಜಾಗದಲ್ಲಿ ಬಿತ್ತು. ಪಕ್ಕದಲ್ಲೇ ಸಿಲಿಕಾನ್ ಓಯಸಿಸ್‌ನ ಕಟ್ಟಡಗಳು. ನೆಲದ ಮೇಲೆ ಯಾರಿಗೂ ಪ್ರಾಣಹಾನಿಯಾಗಲಿಲ್ಲ. ಈಗ ನಮ್ಮಲ್ಲಿ ಎಷ್ಟೋ ಜನ ಆ ಕಡೆಯೇ ದಿನಾ ಕೆಲಸಕ್ಕೆ ಹೋಗುತ್ತೇವೆ.

ಬ್ಯಾಟರಿಯಿಂದ ಅಷ್ಟು ದೊಡ್ಡ ಬೆಂಕಿ ಹೇಗೆ? ಲಿಥಿಯಂ ಅಯಾನ್ ಸೆಲ್ ಒಳಗೆ ಬೆಂಕಿ ಹಿಡಿಯುವ ದ್ರವ ಇದೆ. ಒಳಗೇ ಶಾರ್ಟ್ ಆದರೆ ಬಿಸಿಯಾಗುತ್ತದೆ, ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಇನ್ನೂ ಜೋರಾಗುತ್ತದೆ, ಪಕ್ಕದ ಸೆಲ್‌ಗೂ ಹತ್ತುತ್ತದೆ. ನಮ್ಮ ಪ್ಯಾನೆಲ್‌ನಲ್ಲಿ ಶಾರ್ಟ್ ಆದರೆ ಎಂಸಿಬಿ ಟ್ರಿಪ್ ಆಗಿ ಸಪ್ಲೈ ಕಟ್. ಸೆಲ್‌ಗೆ ಸಪ್ಲೈ ಹೊರಗಿನಿಂದ ಬರುತ್ತಿಲ್ಲ, ಅದರ ಹೊಟ್ಟೆಯಲ್ಲೇ ಇದೆ. ಕಟ್ ಮಾಡುವುದು ಎಲ್ಲಿ? ಆ ವಿಮಾನದ ಮೇಲಂತಸ್ತಿನಲ್ಲಿ ಗಾಳಿಯ ಒತ್ತಡ ಇಳಿಸಿ, ಆಮ್ಲಜನಕ ಕಡಿಮೆ ಮಾಡಿ ಬೆಂಕಿ ಕುಗ್ಗಿಸುವ ವ್ಯವಸ್ಥೆ ಇತ್ತು. ಈ ಬೆಂಕಿ ಅದಕ್ಕೆ ಬಗ್ಗಲಿಲ್ಲ.

ಯುಎಇ ವಿಮಾನಯಾನ ಇಲಾಖೆಯ ವರದಿ 2013ರಲ್ಲಿ ಬಂತು. ಲಿಥಿಯಂ ಬ್ಯಾಟರಿಗಳಿದ್ದ ಸರಕಿನ ಕಡೆಯಿಂದಲೇ ಬೆಂಕಿ ಎದ್ದದ್ದು ಅಂತ ಅದು ಹೇಳಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಮಾತು: ಕನಿಷ್ಠ ಮೂರು ಸರಕುಗಳು ಅಪಾಯಕಾರಿ ವಸ್ತು ಅಂತ ಘೋಷಿಸಬೇಕಾದಂಥವು, ಘೋಷಿಸಿರಲಿಲ್ಲ. ಸರಿಯಾಗಿ ಬರೆದಿದ್ದರೆ ಬೆಂಕಿ ಹತ್ತುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ತಮ್ಮ ಬೆನ್ನ ಹಿಂದೆ ಏನು ತುಂಬಿದೆ ಅಂತ ತಿಳಿಯುವ ಹಕ್ಕು ಆ ಇಬ್ಬರಿಗೆ ಇತ್ತು. ಲೈವ್ ಇದೆಯೋ ಇಲ್ಲವೋ ಹೇಳದೆ ಪ್ಯಾನೆಲ್ ತೆಗಿ ಅಂದರೆ ನಾವು ಫೋರ್‌ಮನ್ ಜೊತೆ ಜಗಳಕ್ಕೆ ನಿಲ್ಲುವುದಿಲ್ಲವೇ? ಇದನ್ನೆಲ್ಲ ರೂಮಿನ ಬಂಟ್ವಾಳದವರಿಗೆ ಹೇಳಿದೆ. ಅವರು ಸುಮ್ಮನಾದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ನನ್ನ ಸ್ಪೇರ್ ಬ್ಯಾಟರಿ ಮಾತ್ರ ಜಪಾನಿನಲ್ಲೇ ಉಳಿಯಿತು.

2011ರ ಜುಲೈನಲ್ಲಿ ಕೊರಿಯಾದ ಒಂದು ಸರಕು ವಿಮಾನ ಜೇಜು ದ್ವೀಪದ ಹತ್ತಿರ ಬೆಂಕಿ ಹತ್ತಿ ಸಮುದ್ರಕ್ಕೆ ಬಿತ್ತು. ಅದರಲ್ಲೂ ಲಿಥಿಯಂ ಬ್ಯಾಟರಿಗಳಿದ್ದವು, ಅಲ್ಲೂ ಇಬ್ಬರು ಪೈಲಟ್‌ಗಳು ಹೋದರು. ಕೊನೆಗೆ 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ ಅಂತ ಅಂತಾರಾಷ್ಟ್ರೀಯ ನಿಯಮ ಬಂತು. ಸರಕು ವಿಮಾನದಲ್ಲಿ ಹಾಕಿದರೂ ಚಾರ್ಜ್ ಶೇಕಡಾ 30ಕ್ಕಿಂತ ಹೆಚ್ಚು ಇರಬಾರದು, ಚಾರ್ಜ್ ಕಡಿಮೆ ಇದ್ದಷ್ಟೂ ಬೆಂಕಿಯ ಜೋರು ಕಡಿಮೆ. ಹಾಗಾಗಿ ದೇರಾದ ಅಂಗಡಿಯಲ್ಲಿ ಹೊಸ ಬ್ಯಾಟರಿ ತಗೊಂಡಾಗ ಒಂದೇ ಕಡ್ಡಿ ತೋರಿಸಿದರೆ, ಹಳೇ ಮಾಲು ಕೊಟ್ಟ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಇಳಿಯಬೇಡಿ.