ಯಾರ ಸಹಿ, ಯಾರ ನೆಲ? ಚೆರೋಕಿಗಳ ಕಣ್ಣೀರ ಹಾದಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಕತೆ ಒಂದು ಸಹಿಯದ್ದು.

ನಾನು ಬಿಕಾಂ ಓದಿದವನು. ಬಿಸಿನೆಸ್ ಲಾ ಪೇಪರ್‌ನಲ್ಲಿ ಏಜೆನ್ಸಿ ಅಂತ ಒಂದು ಪಾಠ ಇತ್ತು. ಸಾರ ಇಷ್ಟೇ: ನೀವು ಅಧಿಕಾರ ಕೊಡದ ವ್ಯಕ್ತಿ ನಿಮ್ಮ ಪರವಾಗಿ ಸಹಿ ಹಾಕಿದ್ರೆ, ನೀವು ಒಪ್ಪದ ಹೊರತು ಆ ಒಪ್ಪಂದಕ್ಕೆ ನೀವು ಬದ್ಧರಲ್ಲ. ಪರೀಕ್ಷೆಯಲ್ಲಿ ಬರೆದೆ, ಪಾಸಾದೆ, ಮರೆತೆ. ಮತ್ತೆ ನೆನಪಾಗಿದ್ದು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿಗಳ ಚರಿತ್ರೆ ಓದುವಾಗ. ಒಂದಿಡೀ ಜನರ ನೆಲ ಹೋಗಿದ್ದು ಹೀಗೇ, ಅಧಿಕಾರ ಇಲ್ಲದವರು ಹಾಕಿದ ಸಹಿಯಿಂದ.

'ಟ್ರೇಲ್ ಆಫ್ ಟಿಯರ್ಸ್', ಅಂದ್ರೆ ಕಣ್ಣೀರ ಹಾದಿ. ಹೆಸರು ಕೇಳಿರಬಹುದು. ಹಿಮದಲ್ಲಿ ಕಂಬಳಿ ಹೊದ್ದು ನಡೆಯುವ ಜನರ ಚಿತ್ರವನ್ನೂ ನೋಡಿರಬಹುದು. ಆದರೆ ಆ ನಡಿಗೆಗೆ ಮುಂಚೆ ಸುಮಾರು ಹತ್ತು ವರ್ಷ ಅವರು ಕಾಗದದ ಮೇಲೆ ಹೋರಾಡಿದ್ದರು. ಆ ಭಾಗ ರೀಲ್ಸ್‌ಗೆ ಬರಲ್ಲ. ನನಗೆ ಹೆಚ್ಚು ಕಾಡಿದ್ದು ಅದೇ.

ಚೆರೋಕಿಗಳ ನೆಲ ಅಪಲೇಶಿಯನ್ ಬೆಟ್ಟಸಾಲಿನ ದಕ್ಷಿಣ ಭಾಗದಲ್ಲಿತ್ತು. ಇವತ್ತಿನ ಜಾರ್ಜಿಯಾ, ಟೆನೆಸ್ಸೀ, ನಾರ್ತ್ ಕೆರೊಲಿನಾ, ಅಲಬಾಮಾ ರಾಜ್ಯಗಳು ಸೇರುವ ಜಾಗ. 1820ರ ದಶಕದಲ್ಲಿ ಅವರೇನು ಮಾಡ್ತಾ ಇದ್ರು ಗೊತ್ತಾ? ಸಿಕ್ವೋಯಾ ಅನ್ನೋ ಚೆರೋಕಿ, ಇಂಗ್ಲಿಷ್ ಓದಲು ಬಾರದ ಮನುಷ್ಯ, ತನ್ನ ಭಾಷೆಗೆ ತಾನೇ ಲಿಪಿ ಮಾಡಿದ. ಒಂದು ಉಚ್ಚಾರಕ್ಕೆ ಒಂದು ಚಿಹ್ನೆ, ಒಟ್ಟು 80ಕ್ಕೂ ಹೆಚ್ಚು. ನಮ್ಮ 'ಕ', 'ಕಿ', 'ಕು' ಥರ ಒಂದು ಗುರುತಿಗೆ ಒಂದು ಪೂರ್ತಿ ಸದ್ದು, ಹಾಗಾಗಿ ಜನ ಬೇಗ ಕಲಿತರು. 1827ರಲ್ಲಿ ಸಂವಿಧಾನ ಬರೆದುಕೊಂಡರು. 1828ರ ಫೆಬ್ರವರಿಯಲ್ಲಿ ರಾಜಧಾನಿ ನ್ಯೂ ಎಕೋಟಾದಿಂದ 'ಚೆರೋಕಿ ಫೀನಿಕ್ಸ್' ಪತ್ರಿಕೆ ಹೊರಬಂತು, ಚೆರೋಕಿ ಮತ್ತು ಇಂಗ್ಲಿಷ್ ಎರಡರಲ್ಲೂ. ಸಂಪಾದಕ ಇಲಾಯಸ್ ಬೂಡಿನಾಟ್. ಈ ಹೆಸರು ನೆನಪಿಟ್ಕೊಳ್ಳಿ.

ಇನ್ನೊಂದು ಮುಖ್ಯ ವಿಷಯ. ಅವರ ನೆಲ ಇಡೀ ರಾಷ್ಟ್ರಕ್ಕೆ ಸೇರಿದ್ದು. ಬೇಸಾಯ ಮಾಡಬಹುದು, ಮನೆ ಕಟ್ಟಬಹುದು, ಹೊರಗಿನವರಿಗೆ ಮಾರೋ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಮಾರಿದವನಿಗೆ ಮರಣದಂಡನೆ.

ಅಷ್ಟರಲ್ಲಿ ಜಾರ್ಜಿಯಾದ ಬೆಟ್ಟಗಳಲ್ಲಿ ಚಿನ್ನ ಸಿಕ್ಕಿತು. ಹತ್ತಿ ಬೆಳೆಯೋರ ಕಣ್ಣು ಮೊದಲೇ ಆ ನೆಲದ ಮೇಲಿತ್ತು. 1830ರ ಮೇ 28ಕ್ಕೆ ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ 'ಇಂಡಿಯನ್ ರಿಮೂವಲ್ ಆಕ್ಟ್'ಗೆ ಅಂಕಿತ ಹಾಕಿದ. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರೋ ಬುಡಕಟ್ಟುಗಳ ಜೊತೆ ಒಪ್ಪಂದ ಮಾಡಿಕೊಂಡು ಅವರನ್ನು ಪಶ್ಚಿಮಕ್ಕೆ ಕಳಿಸೋ ಕಾನೂನು ಅದು. ಗಮನಿಸಿ, ಅದರಲ್ಲೂ ಬರೆದಿದ್ದು 'ಒಪ್ಪಂದ' ಅಂತಲೇ.

ಚೆರೋಕಿಗಳು ಕೋರ್ಟಿಗೆ ಹೋದರು. 1831ರಲ್ಲಿ ಸುಪ್ರೀಂ ಕೋರ್ಟ್, ನೀವು ವಿದೇಶಿ ರಾಷ್ಟ್ರ ಅಲ್ಲ, ನಿಮ್ಮ ಕೇಸು ಇಲ್ಲಿ ಬರಲ್ಲ ಅಂದಿತು. ಮರುವರ್ಷ ಇನ್ನೊಂದು ಕೇಸು. ಜಾರ್ಜಿಯಾದ ಲೈಸೆನ್ಸ್ ಪಡೆಯದೆ ಚೆರೋಕಿ ನೆಲದಲ್ಲಿ ಇದ್ದಿದ್ದಕ್ಕೆ ಸ್ಯಾಮುಯೆಲ್ ವೂಸ್ಟರ್ ಅನ್ನೋ ಮಿಷನರಿಗೆ ನಾಲ್ಕು ವರ್ಷ ಕಠಿಣ ಶಿಕ್ಷೆ ಆಗಿತ್ತು. ಈ ಸಲ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಸ್ಪಷ್ಟವಾಗಿ ಹೇಳಿದರು: ಚೆರೋಕಿ ನೆಲದಲ್ಲಿ ಜಾರ್ಜಿಯಾದ ಕಾನೂನು ನಡೆಯಲ್ಲ. ಗೆದ್ದರು! ಆದರೆ ಆ ತೀರ್ಪು ಚೆರೋಕಿಗಳ ನೆಲ ಉಳಿಸಲಿಲ್ಲ. ಅದೇ 1832ರಲ್ಲಿ ಜಾರ್ಜಿಯಾ ಚೆರೋಕಿ ನೆಲವನ್ನು ತುಂಡು ತುಂಡು ಮಾಡಿ ಲಾಟರಿ ಎತ್ತಿತು. ಹೌದು, ಲಾಟರಿ. ಚಿನ್ನದ ಜಾಗ 40 ಎಕರೆ, ಬೇರೆ ಜಾಗ 160 ಎಕರೆ. ಚೆರೋಕಿಗಳ ಮುಖ್ಯಸ್ಥ ಜಾನ್ ರಾಸ್ 1835ರಲ್ಲಿ ವಾಷಿಂಗ್ಟನ್‌ನಿಂದ ಮನೆಗೆ ಬಂದರೆ, ಅವರ ಮನೆಯಲ್ಲಿ ಬೇರೆ ಯಾರೋ ಸಂಸಾರ ಹೂಡಿದ್ದರು.

ಈಗ ಸಹಿಗೆ ಬರೋಣ. ಮೇಜರ್ ರಿಡ್ಜ್, ಅವರ ಮಗ ಜಾನ್ ರಿಡ್ಜ್, ಪತ್ರಿಕೆ ನಡೆಸಿದ್ದ ಬೂಡಿನಾಟ್. ಮೂವರೂ ಮೊದಲು ನೆಲ ಬಿಡಲ್ಲ ಅಂದವರೇ. ಕೋರ್ಟಲ್ಲಿ ಗೆದ್ದರೂ ಏನೂ ಬದಲಾಗದಿದ್ದಾಗ ಅವರಿಗೆ ಅನ್ನಿಸಿತು: ಹೇಗಿದ್ದರೂ ಹೋಗುತ್ತೆ, ಸಿಕ್ಕಷ್ಟು ತಗೊಂಡು ಜನರನ್ನಾದರೂ ಉಳಿಸಿಕೊಳ್ಳೋಣ. ಇವರನ್ನು ಬರೀ ದ್ರೋಹಿಗಳು ಅಂತ ಬಿಟ್ಟುಬಿಡೋದು ನನಗೆ ಸುಲಭ ಆಗಲಿಲ್ಲ. ಅವರ ಭಯ ಸುಳ್ಳಾಗಿರಲಿಲ್ಲ. ಆದರೆ ರಾಷ್ಟ್ರದ ಪರವಾಗಿ ಸಹಿ ಹಾಕೋ ಅಧಿಕಾರ ಅವರಿಗೆ ಇರಲೂ ಇಲ್ಲ. 1835ರ ಡಿಸೆಂಬರ್ 29, ನ್ಯೂ ಎಕೋಟಾ. 50 ಲಕ್ಷ ಡಾಲರ್‌ಗೆ ಮಿಸಿಸಿಪ್ಪಿಯ ಪೂರ್ವದ ಇಡೀ ನೆಲ. ಸಹಿ ಹಾಕಿದವರು ಸುಮಾರು 20 ಜನ. ರಾಸ್ ಹಾಕಲಿಲ್ಲ, ಚೆರೋಕಿ ಕೌನ್ಸಿಲ್ ಒಪ್ಪಲಿಲ್ಲ.

ಇದು ನಮ್ಮ ಒಪ್ಪಂದವೇ ಅಲ್ಲ ಅಂತ ಚೆರೋಕಿಗಳು ಅರ್ಜಿ ಬರೆದರು. ಅದರಲ್ಲಿ 15 ಸಾವಿರಕ್ಕೂ ಹೆಚ್ಚು ಹೆಸರುಗಳು. ಇಡೀ ಜನಸಂಖ್ಯೆಯೇ ಹೆಚ್ಚುಕಮ್ಮಿ 16-17 ಸಾವಿರ! ಲೆಕ್ಕದ ಪುಸ್ತಕದ ಒಂದು ಕಡೆ 20, ಇನ್ನೊಂದು ಕಡೆ 15 ಸಾವಿರ. ಅಮೆರಿಕದ ಸೆನೆಟ್ ಯಾವುದನ್ನು ನಂಬಿತು? 1836ರ ಮೇನಲ್ಲಿ 31-15ರಿಂದ ಒಪ್ಪಂದ ಪಾಸಾಯಿತು. ಮೂರನೇ ಎರಡರಷ್ಟು ಮತ ಬೇಕಿತ್ತು. ಒಂದೇ ಒಂದು ಮತ ಆ ಕಡೆಗೆ ಹೋಗಿದ್ದರೆ ಬಿದ್ದುಹೋಗ್ತಿತ್ತು.

ಖಾಲಿ ಮಾಡೋಕೆ ಎರಡು ವರ್ಷ ಗಡುವು. ಬಹುತೇಕ ಜನ ಕದಲಲಿಲ್ಲ. 1838ರ ಮೇ ಕೊನೆಗೆ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಕೈಕೆಳಗೆ ಸುಮಾರು 7,000 ಸೈನಿಕರು ಮನೆಮನೆಗೆ ಬಂದರು. ಊಟಕ್ಕೆ ಕೂತವರನ್ನು, ಹೊಲದಲ್ಲಿದ್ದವರನ್ನು ಎಬ್ಬಿಸಿ ಮರದ ಬೇಲಿಯ ಶಿಬಿರಗಳಿಗೆ ತುಂಬಿದರು. ಆ ಬೇಸಿಗೆ ಭೇದಿ, ದಡಾರ, ನಾಯಿಕೆಮ್ಮಿನಿಂದ ಶಿಬಿರಗಳಲ್ಲೇ ಎಷ್ಟೋ ಜನ ತೀರಿಕೊಂಡರು. ಉಳಿದವರು ಸಾವಿರದಷ್ಟು ಜನರ ಗುಂಪುಗಳಲ್ಲಿ, ಈ ಬಾರಿ ರಾಸ್ ಅವರ ಉಸ್ತುವಾರಿಯಲ್ಲಿ, ಹೆಚ್ಚಿನವರು ಕಾಲ್ನಡಿಗೆಯಲ್ಲೇ ಹೊರಟರು. ಅವರಲ್ಲಿ ಚೆರೋಕಿಗಳೇ ಗುಲಾಮರಾಗಿ ಇಟ್ಟುಕೊಂಡಿದ್ದ ಕಪ್ಪು ಜನರೂ ಇದ್ದರು. ಅವರ ನೋವಿನ ಲೆಕ್ಕವೂ ಇದೇ ಹಾದಿಯಲ್ಲಿದೆ, ಅದನ್ನು ಬಿಟ್ಟು ಈ ಕತೆ ಹೇಳಬಾರದು.

ಇವತ್ತಿನ ಓಕ್ಲಹೋಮಾಗೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಮಧ್ಯದಲ್ಲಿ ಚಳಿಗಾಲ. ಮಿಸಿಸಿಪ್ಪಿಯಲ್ಲಿ ಮಂಜುಗಡ್ಡೆ ತೇಲ್ತಿದ್ದರಿಂದ ದಾಟೋಕಾಗದೆ ಇಲಿನಾಯ್ ಸೀಮೆಯಲ್ಲಿ ಸಾವಿರಾರು ಜನ ವಾರಗಟ್ಟಲೆ ಸಿಕ್ಕಿಕೊಂಡರು. ರಾಸ್ ಅವರ ಹೆಂಡತಿ ಕ್ವಾಟಿ ದಾರಿಯಲ್ಲೇ, ಲಿಟಲ್ ರಾಕ್ ಹತ್ತಿರ ತೀರಿಕೊಂಡರು. 1839ರ ಮಾರ್ಚ್ ಹೊತ್ತಿಗೆ ಕೊನೆಯ ಗುಂಪು ತಲುಪಿತು. ಸತ್ತವರು ಸುಮಾರು 4,000 ಅನ್ನೋದು ಸಾಮಾನ್ಯವಾಗಿ ಹೇಳುವ ಅಂದಾಜು. ಅಂದ್ರೆ ನಾಲ್ಕರಲ್ಲಿ ಒಬ್ಬರು.

ಸಹಿ ಹಾಕಿದವರು? 1839ರ ಜೂನ್ 22, ಒಂದೇ ದಿನ, ಇಬ್ಬರು ರಿಡ್ಜ್‌ಗಳು ಮತ್ತು ಬೂಡಿನಾಟ್ ಮೂರು ಬೇರೆ ಬೇರೆ ಜಾಗಗಳಲ್ಲಿ ಸ್ವಜನರ ಕೈಯಲ್ಲೇ ಕೊಲೆಯಾದರು. ನೆಲ ಮಾರಿದ ಡಬಲ್‌ಹೆಡ್ ಅನ್ನೋ ನಾಯಕನನ್ನು 1807ರಲ್ಲಿ ಕೊಂದವರಲ್ಲಿ ಇದೇ ಮೇಜರ್ ರಿಡ್ಜ್ ಒಬ್ಬರು. ಆ ಕಾನೂನು ಏನು ಹೇಳುತ್ತೆ ಅಂತ ಅವರಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು?

ಕತೆ ಇಲ್ಲಿಗೆ ಮುಗಿಯಲ್ಲ. ಅದೇ ಒಪ್ಪಂದದ ಏಳನೇ ಕಲಮಿನಲ್ಲಿ ಒಂದು ಮಾತು ಇತ್ತು: ಅಮೆರಿಕದ ಕೆಳಮನೆಯಲ್ಲಿ ಚೆರೋಕಿಗಳಿಗೆ ಒಬ್ಬ ಪ್ರತಿನಿಧಿ ಇರಬಹುದು. 2019ರಲ್ಲಿ ಚೆರೋಕಿ ನೇಷನ್ ಆ ಸಾಲು ತೋರಿಸಿ ಕಿಮ್ ಟೀಹೀ ಅವರನ್ನು ಪ್ರತಿನಿಧಿಯಾಗಿ ನೇಮಿಸಿತು. 2022ರ ನವೆಂಬರ್‌ನಲ್ಲಿ ಸಂಸತ್ತಿನ ಸಮಿತಿ ಮುಂದೆ ಅದರ ವಿಚಾರಣೆ ನಡೆಯಿತು. ಮಾತು ಕೊಟ್ಟು ಸುಮಾರು 187 ವರ್ಷ ಆಗಿದ್ದರೂ ಅವತ್ತಿಗೂ ಕುರ್ಚಿ ಸಿಕ್ಕಿರಲಿಲ್ಲ.

ನನ್ನನ್ನು ನಿದ್ದೆಗೆಡಿಸಿದ್ದು ಇದು. ನೆಲ ಕಿತ್ತುಕೊಳ್ಳೋವಾಗ ಆ ಕಾಗದ ಎರಡೇ ವರ್ಷದಲ್ಲಿ ಜಾರಿಯಾಯಿತು, ಬಂದೂಕಿನ ಸಮೇತ. ಅದೇ ಕಾಗದದಲ್ಲಿ ಕೊಡಬೇಕಾದದ್ದು ಬಂದಾಗ ಸಮಿತಿ, ವಿಚಾರಣೆ. ನನ್ನ ಬಿಸಿನೆಸ್ ಲಾ ಪುಸ್ತಕದಲ್ಲಿ ಒಪ್ಪಂದ ಅಂದ್ರೆ ಎರಡು ಕಡೆಯವರನ್ನೂ ಕಟ್ಟುವ ಹಗ್ಗ. ಇಲ್ಲಿ ಹಗ್ಗ ಬಿದ್ದಿದ್ದು ಒಂದೇ ಕಡೆಯವರ ಕೈಗೆ.

ಮುಂದಿನ ಸಲ ಯಾರಾದರೂ "ಎಲ್ಲ ಕಾನೂನು ಪ್ರಕಾರವೇ ಆಗಿದೆ" ಅಂದಾಗ ಒಂದು ಪ್ರಶ್ನೆ ಕೇಳಿ: ಸಹಿ ಯಾರದ್ದು? ಮುಂದಿನ ವಾರ ಸಿಗೋಣ.