ಟ್ರೆಡೆಗರ್‌ನ ಮೂರು ಪೆನ್ನಿ

ಸಂಘದ ಸದಸ್ಯತ್ವ ಶುಲ್ಕವೆಂದರೆ ಯುಗಾದಿ ಊಟದ ಟಿಕೆಟ್ಟಿನ ಹಣ ಎಂದೇ ನಮ್ಮಲ್ಲಿ ಹಲವರ ಎಣಿಕೆ. ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆ. ಸೌತ್ ವೇಲ್ಸ್‌ನ ಟ್ರೆಡೆಗರ್ ಎಂಬ ಗಣಿ ಊರಿನ ಚರಿತ್ರೆ ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

1890ರಲ್ಲಿ ಅಲ್ಲಿನ ಕಾರ್ಮಿಕರ 'ಮೆಡಿಕಲ್ ಏಡ್ ಸೊಸೈಟಿ' ಹುಟ್ಟಿತು. ಸಂಬಳದ ಪ್ರತಿ ಪೌಂಡಿಗೆ ಮೂರು ಪೆನ್ನಿ ವಂತಿಗೆ. ಆಗ ಪೌಂಡಿಗೆ 240 ಪೆನ್ನಿ. ಅಂದರೆ ನೂರಕ್ಕೆ ಒಂದೂಕಾಲು. ಹೆಚ್ಚು ಗಳಿಸಿದವನು ಹೆಚ್ಚು ಕೊಟ್ಟ, ಕಡಿಮೆ ಗಳಿಸಿದವನು ಕಡಿಮೆ ಕೊಟ್ಟ. ಕಾಯಿಲೆ ಬಿದ್ದಾಗ ಇಬ್ಬರಿಗೂ ಒಂದೇ ಚಿಕಿತ್ಸೆ. 1920ರ ದಶಕದ ಹೊತ್ತಿಗೆ ಈ ಚಿಲ್ಲರೆ ಕಾಸಿನಿಂದಲೇ ಐವರು ವೈದ್ಯರು, ಒಬ್ಬ ಸರ್ಜನ್, ಫಾರ್ಮಸಿಸ್ಟರು, ದಂತವೈದ್ಯ, ನರ್ಸ್ ಎಲ್ಲರಿಗೂ ಸಂಬಳ ಸಲ್ಲುತ್ತಿತ್ತು. ಊರಿನ ಬಹುಪಾಲು ಜನ ಅದರ ನೆರಳಲ್ಲಿದ್ದರು.

ಇದನ್ನು ನಡೆಸಿದವರು ಕಾರ್ಮಿಕರ ಸಮಿತಿಯವರು. 1915ರಿಂದ ಕಾರ್ಯದರ್ಶಿಯಾಗಿದ್ದ ವಾಲ್ಟರ್ ಕಾನ್‌ವೇ, ನಿರ್ಗತಿಕರ ವರ್ಕ್‌ಹೌಸಿನಲ್ಲಿ ಬೆಳೆದ ಅನಾಥ. ವೈದ್ಯರು ಇವರ ನೌಕರರು. ಇದು ನನ್ನ ವೃತ್ತಿಬಾಂಧವರಿಗೆ ರುಚಿಸಲಿಲ್ಲ. ಇಂಥ ಸಂಘಗಳೊಡನೆ ಬ್ರಿಟಿಷ್ ವೈದ್ಯರ ಸಂಘ ವರ್ಷಗಟ್ಟಲೆ ಜಗಳವಾಡಿತು. ಅಲ್ಲಿ ಕೆಲಸ ಮಾಡಿದ್ದ ಡಾ. ಎ. ಜೆ. ಕ್ರೋನಿನ್ 1937ರ ತಮ್ಮ 'ದಿ ಸಿಟಾಡೆಲ್' ಕಾದಂಬರಿಯಲ್ಲಿ ಇಂಥದೇ ಒಂದು ಸಮಿತಿಯ ಮುಂದೆ ವೈದ್ಯ ಪಡುವ ಪಾಡನ್ನು ಬರೆದಿದ್ದಾರೆ. ನಿಜ ಹೇಳಬೇಕೆಂದರೆ, ಗಣಿಯಿಂದ ಬಂದವರು ನನ್ನನ್ನು ಕೂರಿಸಿ ಪ್ರಶ್ನೆ ಕೇಳಿದ್ದರೆ ನನಗೂ ಸಿಟ್ಟು ಬರುತ್ತಿತ್ತು. ಆದರೆ ಹಣ ಕೊಟ್ಟವರು ಲೆಕ್ಕ ಕೇಳುತ್ತಿದ್ದರು. ಸಂಘದ ಬಲವೂ ಅದೇ.

ಅದೇ ಊರಿನ ಗಣಿ ಕಾರ್ಮಿಕ ಅನ್ಯೂರಿನ್ ಬೆವನ್ ಅಲ್ಲಿನ ಆಸ್ಪತ್ರೆ ಸಮಿತಿಯಲ್ಲಿ ಪಳಗಿ, ಮುಂದೆ ಆರೋಗ್ಯ ಸಚಿವರಾಗಿ, 1948ರ ಜುಲೈ 5ರಂದು ಎನ್‌ಎಚ್‌ಎಸ್ ಆರಂಭಿಸಿದರು. ಟ್ರೆಡೆಗರ್‌ನಲ್ಲಿ ನಡೆದದ್ದು ಇಡೀ ದೇಶದ್ದಾಯಿತು. ನಾನು ಜೀವಮಾನವೆಲ್ಲ ಉಂಡದ್ದು ಆ ಅನ್ನವನ್ನೇ.

ಈಗ ನಮ್ಮ ಮನೆಯ ಮಾತು. ನಮ್ಮಲ್ಲಿ ಯಾರಾದರೂ ತೀರಿಕೊಂಡು ದೇಹವನ್ನು ಊರಿಗೆ ಕಳಿಸಬೇಕಾದಾಗ, ಪ್ರತಿ ಸಲವೂ ವಾಟ್ಸಾಪಿನಲ್ಲಿ ಹೊಸದಾಗಿ ಕೈಯೊಡ್ಡುತ್ತೇವೆ. ಪರಿಚಿತರಿಗೆ ಬೇಗ ಹಣ ಕೂಡುತ್ತದೆ. ನಿನ್ನೆ ಬಂದಿಳಿದ ವಿದ್ಯಾರ್ಥಿಗೆ ಕೂಡುವುದಿಲ್ಲ. ಆ ಹುಡುಗನ ಸದಸ್ಯತ್ವ ಶುಲ್ಕವೂ ನನ್ನ ಶುಲ್ಕವೂ ಒಂದೇ.

ಹಾಗಾಗಿ ಮುಂದಿನ ಸರ್ವಸದಸ್ಯರ ಸಭೆಗೆ ನನ್ನ ಸೂಚನೆ ಮೂರು. ಶುಲ್ಕ ಅವರವರ ಶಕ್ತಿಗೆ ತಕ್ಕಂತಿರಲಿ. ಅದರಲ್ಲೊಂದು ಪಾಲು ಕಷ್ಟಕಾಲದ ನಿಧಿಗೆ ಹೋಗಲಿ. ಯಾರಿಗೆ, ಎಷ್ಟು ಎಂಬ ನಿಯಮ ಮೊದಲೇ ಬರೆದಿಡೋಣ. ಲೆಕ್ಕಪತ್ರ ಪ್ರತಿಯೊಂದು ಮನೆಗೂ ತಲುಪಲಿ. ಸಮಿತಿಯವರನ್ನು ಪ್ರಶ್ನೆ ಕೇಳಿದರೆ ಬೇಸರಪಡುವವರಲ್ಲಿ ಹಿಂದೆ ನಾನೂ ಒಬ್ಬನಾಗಿದ್ದೆ. ಈಗ ಅನಿಸುತ್ತದೆ: ಯಾರೂ ಪ್ರಶ್ನೆ ಕೇಳದ ವರ್ಷವೇ ಸಂಘಕ್ಕೆ ಕಾಯಿಲೆ ಹತ್ತಿದ ವರ್ಷ.